ಮೋರಿ ಎಣಿಸುವ ಲೆಕ್ಕ

ಸೈಕಲ್ ಸುತ್ತಿಗೆ ದಾರಿ ಹಾಕಲು ಮ್ಯಾಪಿನಲ್ಲಿ ಸಿದ್ದಾಪುರ ಅಂತ ಟೈಪ್ ಮಾಡಿದ್ದಷ್ಟೇ. ಹೆಬ್ರಿಯವರೆಗೆ ಚೆನ್ನಾಗಿ ಬಂದಿದ್ದ ನೀಲಿ ಗೆರೆ ಅಲ್ಲಿಂದ ಕುಂದಾಪುರಕ್ಕೆ ಓಡಿತು. ಭಟ್ಕಳ ದಾಟಿತು. ಘಟ್ಟ ಹತ್ತಿ ಉತ್ತರ ಕನ್ನಡದ ಸಿದ್ದಾಪುರಕ್ಕೆ ಹೋಗಿ ನಿಂತಿತು. ನನಗೆ ಬೇಕಿದ್ದದ್ದು ಶಂಕರನಾರಾಯಣದ ಹತ್ತಿರದ ಸಿದ್ದಾಪುರ. ಸರಿ, ಅದನ್ನು ಬಿಟ್ಟು ಮುಂದಿನ ಊರು ಹೊಸಂಗಡಿ ಅಂತ ಹಾಕಿದರೆ ಗೆರೆ ಮಂಜೇಶ್ವರದ ಕಡೆ ತಿರುಗಿತು. ಅದರ ಮುಂದಿನ ಊರು ನಗರ. ನಗರ ಅಂತ ಹುಡುಕಿದರೆ ಏನಾಗುತ್ತೆ ಅಂತ ಹೇಳಬೇಕಾ? ವಿನೋಬನಗರ, ಗಾಂಧಿನಗರ, ಶಿವಮೊಗ್ಗದ ಬಡಾವಣೆಗಳೆಲ್ಲ ಸಾಲಾಗಿ ಬಂದವು. ಬಿದನೂರಿನ ನಾಯಕರು ಆಳಿದ ನಗರ ಮಾತ್ರ ಬರಲಿಲ್ಲ.

ಕೊನೆಗೆ ಹೆಸರಿನ ಸಹವಾಸ ಬಿಟ್ಟು, ಬೆರಳಲ್ಲೇ ಒಂದೊಂದು ಚುಕ್ಕಿ ಇಟ್ಟುಕೊಂಡು ಹೋದೆ. ಶಿವಮೊಗ್ಗ, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ. ಅಲ್ಲಿಂದ ಘಟ್ಟ ಇಳಿದು ಸೋಮೇಶ್ವರ, ಹೆಬ್ರಿ, ಬೆಳ್ವೆ, ಶಂಕರನಾರಾಯಣ, ಸಿದ್ದಾಪುರ, ಹೊಸಂಗಡಿ. ಮತ್ತೆ ಹುಲಿಕಲ್ ಘಾಟಿ ಹತ್ತಿ ಮಾಸ್ತಿಕಟ್ಟೆ, ನಗರ, ಹೊಸನಗರ, ರಿಪ್ಪನ್‌ಪೇಟೆ, ಆಯನೂರು, ಮನೆ. ಸುಮಾರು 270 ಕಿಲೋಮೀಟರ್. ಒಂದು ಘಟ್ಟ ಇಳಿಯುವುದು, ಇನ್ನೊಂದು ಘಟ್ಟ ಹತ್ತುವುದು. ನೋಡೋಕೆ ಎಷ್ಟು ಸರಳ.

ಸೈಕಲ್ಲಿನ ಮಾತು ಇದು. ರೋಡ್ ಬೈಕ್ ಅಂದರೆ ನಮ್ಮ ಕಡೆ ಎಲ್ಲರಿಗೂ ಬುಲೆಟ್ಟು ನೆನಪಾಗುತ್ತೆ. ಹಾಗಾಗಿ ಸೈಕಲ್ಲು ಅಂತಲೇ ಹೇಳುತ್ತೇನೆ. ಬಾಗಿದ ಹ್ಯಾಂಡಲ್ಲು, ಸಣ್ಣ ಟೈರು, ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. "ಇಷ್ಟು ದುಡ್ಡು ಕೊಟ್ರೂ ಸ್ಟ್ಯಾಂಡ್ ಕೊಡ್ಲಿಲ್ವಾ?" ಅಂತ ಅಮ್ಮ ಇವತ್ತಿಗೂ ಕೇಳುತ್ತಾಳೆ.

ಈ ಸುತ್ತಿಗೆ ನಾನು ಹೊಸಬನಲ್ಲ. ಎರಡು ವರ್ಷದ ಹಿಂದೆ ಅಕ್ಟೋಬರ್ ಕೊನೆಯಲ್ಲಿ ಇದೇ ದಾರಿಯನ್ನು ಒಂದೇ ದಿನದಲ್ಲಿ ಮುಗಿಸುತ್ತೇನೆ ಅಂತ ಹೊರಟಿದ್ದೆ. ಆಗ ಬ್ರೆವೆ (ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ) ಹುಚ್ಚು ಹಿಡಿದ ಕಾಲ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ ಅಂತ ಅದರಲ್ಲಿ ಸಮಯ ಕೊಡುತ್ತಾರೆ. ಅಂದರೆ ಊಟ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿಲೋಮೀಟರ್ ಹೋದರೆ ಸಾಕು. ಅದನ್ನೇ ಹಿಡಿದು ಲೆಕ್ಕ ಹಾಕಿದೆ. 270 ಭಾಗಿಸು 15, ಹದಿನೆಂಟು ಗಂಟೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟರೆ ರಾತ್ರಿ ಹತ್ತಕ್ಕೆ ಮನೆ.

ಹೊಸಂಗಡಿಗೆ ಬಂದಾಗ ಮಧ್ಯಾಹ್ನ ಒಂದೂವರೆ. ಘಟ್ಟದ ಕೆಳಗಿನ ಸೆಕೆ ಗೊತ್ತಲ್ಲ, ಮೈಮೇಲೆ ಒದ್ದೆ ಕಂಬಳಿ ಹೊದ್ದ ಹಾಗೆ. ಹುಲಿಕಲ್ ಹತ್ತುವಾಗ ಹ್ಯಾಂಡಲ್ಲಿನ ಟೇಪು ಬೆವರಿಗೆ ಜಾರುತ್ತಿತ್ತು. ಆದರೂ ಹತ್ತಿದೆ. ಮೇಲೆ ಬಂದಾಗ ಗೆದ್ದೆ ಅಂದುಕೊಂಡೆ. ಘಟ್ಟ ಮುಗಿಯಿತು, ಇನ್ನು ಮನೆ ತನಕ ಮೇಲಿನ ರಸ್ತೆ, ಲೆವೆಲ್ಲು.

ಆ ಲೆವೆಲ್ಲೇ ನನ್ನನ್ನು ಮುಗಿಸಿತು. ನಗರ ದಾಟಿದ ಮೇಲೆ ರಸ್ತೆ ಇಳಿಯಿತು, ಏರಿತು. ಮತ್ತೆ ಇಳಿಯಿತು, ಮತ್ತೆ ಏರಿತು. ಒಂದೂ ದೊಡ್ಡದಲ್ಲ. ಕಾರಿನಲ್ಲಿ ಹೋಗುವವರಿಗೆ ಅಲ್ಲಿ ಏರು ಇದೆ ಅಂತಲೇ ಗೊತ್ತಾಗುವುದಿಲ್ಲ. ಹೊಸನಗರದ ಬಸ್ ಸ್ಟ್ಯಾಂಡಿಗೆ ಬಂದಾಗ ರಾತ್ರಿ ಏಳೂವರೆ. ಹತ್ತಕ್ಕೆ ಮನೆ ಅನ್ನುವ ಲೆಕ್ಕ ಆಗಲೇ ತಪ್ಪಿತ್ತು. ಕಾಲೂ ಇರಲಿಲ್ಲ. ಶಿವಮೊಗ್ಗದ ಬಸ್ಸೊಂದು ಹೊರಡುವುದರಲ್ಲಿತ್ತು. ಕ್ಲೀನರ್ ಹುಡುಗ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿ ನೋಡಿ, "ಅಣ್ಣಾ, ಇದ್ರಲ್ಲಿ ಏನೂ ಇಲ್ವಲ್ಲ" ಅಂದ. ಟಾಪಿಗೆ ಹಾಕಿ ಹಗ್ಗ ಬಿಗಿದ. ಕಂಡಕ್ಟರು ನನಗೊಂದು ಟಿಕೆಟ್ಟು, ಸೈಕಲ್ಲಿಗೊಂದು ಲಗೇಜು ಅಂತ ಹರಿದು ಕೊಟ್ಟರು. ಆ ಎರಡು ಚೀಟಿ ಇನ್ನೂ ನನ್ನ ಪರ್ಸಿನಲ್ಲಿವೆ.

ಈ ಸಲ ಸರಿಯಾಗಿ ಪ್ಲಾನ್ ಮಾಡಬೇಕು ಅಂತ ಕೂತೆ. ಮೊದಲು ಕಾಡಿದ್ದು ಏರಿನ ಲೆಕ್ಕ. ಒಂದೇ ದಾರಿಯನ್ನು ಮೂರು ಆಪಿಗೆ ಹಾಕಿದರೆ ಮೂರು ಉತ್ತರ. ಒಂದರಲ್ಲಿ ಒಟ್ಟು ಏರು 2,700 ಮೀಟರ್, ಇನ್ನೊಂದರಲ್ಲಿ 3,500. ಮೂರನೆಯದು ನಡುವೆ ಎಲ್ಲೋ. 800 ಮೀಟರ್ ಅಂದರೆ ಒಂದೂವರೆ ಆಗುಂಬೆ! ಅಂಗಡಿಯಲ್ಲಿ ಮೂರು ತಕ್ಕಡಿಯಲ್ಲಿ ತೂಗಿದರೆ ಇಷ್ಟು ವ್ಯತ್ಯಾಸ ಬಂದರೆ ಸುಮ್ನೆ ಇರ್ತೀವಾ?

ಕಾರಣ ಹುಡುಕಿದಾಗ ವಿಷಯ ಸ್ವಾರಸ್ಯವಾಗಿತ್ತು. ಇಂಥ ಆಪುಗಳಲ್ಲಿ ಹಲವು ಬಳಸುವ ಎತ್ತರದ ಮಾಹಿತಿ 2000ನೇ ಇಸವಿ ಫೆಬ್ರವರಿಯಲ್ಲಿ ಎಂಡೆವರ್ ಅನ್ನುವ ಅಮೆರಿಕದ ಬಾಹ್ಯಾಕಾಶ ನೌಕೆ ಹನ್ನೊಂದು ದಿನ ಭೂಮಿ ಸುತ್ತಿ ರೇಡಾರಿನಲ್ಲಿ ಅಳೆದದ್ದು. ಭೂಮಿಯನ್ನು ಸುಮಾರು 30 ಮೀಟರಿನ ಚೌಕಗಳಾಗಿ ಮಾಡಿ, ಒಂದೊಂದು ಚೌಕಕ್ಕೆ ಒಂದೊಂದು ಎತ್ತರ ಕೊಟ್ಟಿದ್ದಾರೆ. ಬಯಲುಸೀಮೆಗೆ ಅದು ಧಾರಾಳವಾಗಿ ಸಾಕು. ಆದರೆ ನಮ್ಮ ಘಟ್ಟದ ರಸ್ತೆ ಇರುವುದೇ ಗುಡ್ಡದ ಪಕ್ಕೆ ಕೊರೆದು. ಒಂದು ಕಡೆ ದರೆ, ಇನ್ನೊಂದು ಕಡೆ ಕಮರಿ. 30 ಮೀಟರಿನ ಚೌಕದಲ್ಲಿ ದರೆಯ ತಲೆಯೂ ಬಂತು, ಕಮರಿಯ ಅಂಚೂ ಬಂತು. ಮ್ಯಾಪಿನ ಗೆರೆ ಒಂದಿಷ್ಟು ಆಚೀಚೆ ಆದರೆ ಸಾಕು, ನಾನು ದರೆ ಹತ್ತಿ ಕಮರಿಗೆ ಬಿದ್ದು ಮತ್ತೆ ಹತ್ತಿ ಬಂದೆ ಅಂತ ಆಪು ತಿಳಿದುಕೊಳ್ಳುತ್ತೆ. ಸಾಲದ್ದಕ್ಕೆ ರೇಡಾರು ದಟ್ಟ ಕಾಡಿನಲ್ಲಿ ನೆಲವನ್ನು ಪೂರ್ತಿ ಕಾಣುವುದಿಲ್ಲ, ಮರದ ತಲೆಯನ್ನೂ ನೆಲದ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತೆ. ಈ ಸುಳ್ಳು ಏರಿಳಿತವನ್ನು ಒಂದೊಂದು ಆಪು ಒಂದೊಂದು ರೀತಿಯಲ್ಲಿ ಉಜ್ಜಿ ನಯಮಾಡುತ್ತೆ. ಜಾಸ್ತಿ ಉಜ್ಜಿದರೆ ನಿಜವಾದ ಸಣ್ಣ ಏರೂ ಅಳಿಸಿಹೋಗುತ್ತೆ. ಕಮ್ಮಿ ಉಜ್ಜಿದರೆ ಇಲ್ಲದ ಏರು ಉಳಿಯುತ್ತೆ. ಅದಕ್ಕೇ 2,700, ಅದಕ್ಕೇ 3,500.

ಇದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡು ಜಗಲಿಯಲ್ಲಿ ಕೂತಿದ್ದಾಗ ದೊಡ್ಡಪ್ಪ ಬಂದರು. ಮೂವತ್ತು ವರ್ಷ ಪ್ರೈವೇಟ್ ಬಸ್ಸು ಓಡಿಸಿದವರು. ಶಿವಮೊಗ್ಗದಿಂದ ತೀರ್ಥಹಳ್ಳಿ, ಆಗುಂಬೆ, ಉಡುಪಿ. ನಡುವೆ ಒಂದಷ್ಟು ವರ್ಷ ಹೊಸನಗರ, ನಗರ, ಹುಲಿಕಲ್ ಕಡೆಯ ಲೈನು. ಪರದೆಯ ಮೇಲೆ ಏರಿಳಿತದ ಗೆರೆ ಹಲ್ಲು ಹಲ್ಲಾಗಿ ಕಾಣುತ್ತಿತ್ತು.

"ಎಂತ ಮಾರಾಯ, ಯಾರ ಇಸಿಜಿ ಇದು?"

ಆಗುಂಬೆ ರಸ್ತೆ ದೊಡ್ಡಪ್ಪ ಅಂದೆ. ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡಿದರು. ಶಿವಮೊಗ್ಗ ಎಲ್ಲಿ, ತೀರ್ಥಹಳ್ಳಿ ಎಲ್ಲಿ ಅಂತ ಕೇಳಿದರು. ತೋರಿಸಿದೆ. ಆಮೇಲೆ ಗೆರೆಯ ಮೇಲೆ ಬೆರಳಿಟ್ಟು ಓಡಿಸತೊಡಗಿದರು. ನಿಜವಾಗಿ ಓಡಿಸಿದರು. ಬಲಗೈ ಪರದೆಯ ಮೇಲೆ, ಎಡಗೈ ತನ್ನಷ್ಟಕ್ಕೆ ತೊಡೆಯ ಪಕ್ಕ ಗೇರು ಬದಲಿಸುತ್ತಿತ್ತು. "ಇಲ್ಲಿ ಟಾಪು. ಇಲ್ಲೂ ಟಾಪು. ಇಲ್ಲಿ ಥರ್ಡಿಗೆ ತಗೋಬೇಕು. ಲೋಡ್ ಇದ್ರೆ ಸೆಕೆಂಡು. ಇದೆಂತ ಇಲ್ಲಿ ಇಷ್ಟು ಎತ್ತರ ತೋರಿಸ್ತದೆ? ಸುಳ್ಳು. ಅಲ್ಲೆಂತ ಚಡಾವು ಇಲ್ಲ."

ಅವರು ಸುಳ್ಳು ಅಂದ ಜಾಗಗಳಿಗೆ ನಾನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡೆ. ಹೆಚ್ಚಿನವು ರಸ್ತೆಗೆ ಅಂಟಿಕೊಂಡೇ ಗುಡ್ಡ ಇರುವ ಜಾಗಗಳು. ಚೌಕದ ಲೆಕ್ಕ ಎಡವಬಹುದಾದ ಕಡೆಗಳೇ.

ನಗರದಿಂದ ಹೊಸನಗರದ ಕಡೆಗೆ ಬಂದಾಗ ಆಪಿನ ಗೆರೆ ನುಣ್ಣಗಿತ್ತು. ಅಲ್ಲಿ ದೊಡ್ಡಪ್ಪನ ಎಡಗೈ ನಿಲ್ಲಲೇ ಇಲ್ಲ. ಥರ್ಡು, ಟಾಪು, ಥರ್ಡು, ಸೆಕೆಂಡು, ಥರ್ಡು. ಹೋದ ಸಲ ಅಲ್ಲೇ ಸತ್ತೆ ಅಂದೆ. ಅವರು ನಗಲಿಲ್ಲ. "ಘಟ್ಟಕ್ಕೆ ಹೆದರೋದಲ್ಲ. ಮೋರಿ ಎಣಿಸ್ಬೇಕು," ಅಂದರು.

ರಸ್ತೆಯಡಿ ನೀರು ದಾಟಿಸುವ ಮೋರಿಯನ್ನು ಯಾಕೆ ಎಣಿಸಬೇಕು ಅಂತ ನನಗೆ ಹೊಳೆಯಲಿಲ್ಲ. ಅವರು ವಿವರಿಸಿದ್ದು ಇಷ್ಟೇ. ಮೋರಿ ಇದೆ ಅಂದರೆ ಅಲ್ಲಿ ಹಳ್ಳ ಇದೆ. ಹಳ್ಳ ಇದೆ ಅಂದರೆ ರಸ್ತೆ ಅಲ್ಲಿಗೆ ಇಳಿಯಬೇಕು. ಇಳಿದ ಮೇಲೆ ಹತ್ತಬೇಕು. ಒಂದು ಮೋರಿ, ಒಂದು ಚಡಾವು. ಡ್ರೈವಿಂಗ್ ಕಲಿಯುವಾಗ ಅವರ ಹಿರಿಯ ಡ್ರೈವರು ಡೀಸೆಲ್ಲಿನ ಅಂದಾಜಿಗೆ ಹೇಳಿಕೊಟ್ಟದ್ದಂತೆ.

ಆ ರಾತ್ರಿ ಸರ್ವೆ ಆಫ್ ಇಂಡಿಯಾದ ಟೋಪೋಶೀಟು ತೆಗೆದೆ. 50,000ಕ್ಕೆ 1ರ ನಕ್ಷೆ. ಅದರಲ್ಲಿ ಎತ್ತರದ ಗೆರೆಗಳು 20 ಮೀಟರಿಗೊಂದು. ಅಂದರೆ ರಸ್ತೆ 15 ಮೀಟರ್ ಇಳಿದು 15 ಮೀಟರ್ ಹತ್ತಿದರೆ, ಎರಡು ಗೆರೆಯ ನಡುವೆಯೇ ಆ ಇಡೀ ಕತೆ ಮುಗಿದುಹೋಗಬಹುದು. ನಕ್ಷೆಯಲ್ಲಿ ಗುರುತೇ ಇರುವುದಿಲ್ಲ. ಆದರೆ ಹಳ್ಳದ ನೀಲಿ ಗೆರೆ ಇರುತ್ತೆ! ರಸ್ತೆಯ ಗೆರೆಯನ್ನು ನೀಲಿ ಗೆರೆ ಎಲ್ಲೆಲ್ಲಿ ದಾಟುತ್ತೆ ಅಂತ ಎಣಿಸುತ್ತಾ ಹೋದೆ. ನಗರದಿಂದ ಹೊಸನಗರಕ್ಕೆ ಹದಿನೇಳೋ ಹದಿನೆಂಟೋ ಕಿಲೋಮೀಟರ್. ಇಪ್ಪತ್ತು ದಾಟಿದ ಮೇಲೆ ಎಣಿಸುವುದು ಬಿಟ್ಟೆ. ಒಂದೊಂದಕ್ಕೆ 15 ಮೀಟರ್ ಅಂದರೂ 20 ಮೋರಿಗೆ 300 ಮೀಟರ್. ಹುಲಿಕಲ್ ಘಾಟಿಯ ಅರ್ಧಕ್ಕಿಂತ ಹೆಚ್ಚು, ಯಾವ ಬೋರ್ಡೂ ಇಲ್ಲದೆ, ಯಾವ ವ್ಯೂ ಪಾಯಿಂಟೂ ಇಲ್ಲದೆ.

ಇಷ್ಟು ಹಳ್ಳ ಯಾಕೆ ಅಂದರೆ ಇಷ್ಟು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಬೀಳುತ್ತೆ, ಹುಲಿಕಲ್ಲೂ ಅದಕ್ಕೆ ಹೆಗಲೆಣೆ. ಅಷ್ಟು ನೀರು ಹರಿಯೋಕೆ ನೆಲ ಸೀಳಿಕೊಳ್ಳಲೇಬೇಕು. ಶರಾವತಿಗೆ ಸೇರುವ ಹಳ್ಳಗಳೆಲ್ಲ ಅಡ್ಡಡ್ಡ ಹರಿಯುತ್ತವೆ, ನಮ್ಮ ರಸ್ತೆ ಒಂದೊಂದನ್ನೂ ದಾಟುತ್ತೆ. ತೀರ್ಥಹಳ್ಳಿ ರಸ್ತೆಯದೂ ಇದೇ ಕತೆ. ಅಷ್ಟು ದೂರ ತುಂಗೆ ಪಕ್ಕದಲ್ಲೇ ಬರುತ್ತಾಳೆ, ಅವಳಿಗೆ ಒಂದೇ ಇಳಿತ. ರಸ್ತೆಗೆ ಮಾತ್ರ ಅವಳನ್ನು ಸೇರಲು ಬರುವ ಹಳ್ಳಗಳನ್ನೆಲ್ಲ ಮಾತಾಡಿಸಿಕೊಂಡು ಹೋಗುವ ಕೆಲಸ.

ಇಳಿದ ವೇಗದಲ್ಲೇ ಮುಂದಿನ ಏರು ಹತ್ತಬಹುದಲ್ಲ ಅಂತ ಕೇಳಬಹುದು. ನಾನೂ ಕೇಳಿದೆ. ರಸ್ತೆ ಹಳ್ಳ ದಾಟುವುದೇ ತಿರುವಿನಲ್ಲಿ. ಗುಡ್ಡದ ಮಗ್ಗುಲಿನಲ್ಲಿ ಬರುವ ರಸ್ತೆ ಹಳ್ಳದ ಹತ್ತಿರ ಒಳಗೆ ಬಾಗಿ, ದಾಟಿ, ಮತ್ತೆ ಹೊರಗೆ ಬಾಗುತ್ತೆ. "ಇಳೀವಾಗ ಸಿಕ್ಕಿದ್ದೆಲ್ಲ ಬ್ರೇಕಿಗೆ ಹೋಗ್ತದೆ, ಹತ್ತೋವಾಗ ಕೈಯಿಂದ ಹಾಕ್ಬೇಕು," ಅಂದರು ದೊಡ್ಡಪ್ಪ. ಬಸ್ಸಿಗೆ ಡೀಸೆಲ್ಲು, ನನಗೆ ಬಾಳೆಹಣ್ಣು.

ಘಟ್ಟದ ವಿಷಯದಲ್ಲಿ ಮಾತ್ರ ನಾವು ಅನ್ಯಾಯ ಮಾಡುತ್ತೇವೆ ಅನಿಸುತ್ತೆ. ಎಲ್ಲರೂ ಹೆದರಿಸುವುದು ಅದನ್ನೇ. ಆಗುಂಬೆಯ ಹದಿನಾಲ್ಕು ತಿರುವು ಅಂತ ಕಣ್ಣರಳಿಸಿ ಹೇಳುತ್ತಾರೆ. ಆದರೆ ಆ ತಿರುವುಗಳು ಇರುವುದೇ ಏರನ್ನು ಮೆತ್ತಗೆ ಮಾಡಲು. ಗುಡ್ಡಗಾಡಿನ ಹೆದ್ದಾರಿಗೆ ನಮ್ಮ ಇಂಜಿನಿಯರುಗಳ ಮಾನದಂಡ ಸಾಮಾನ್ಯವಾಗಿ 20ಕ್ಕೆ 1, ಅಂದರೆ 20 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಹಳೆಯ ಘಟ್ಟಗಳಲ್ಲಿ ತಿರುವಿನ ಒಳಮೈ ಇದಕ್ಕಿಂತ ಕಡಿದಾಗಿರುತ್ತೆ ನಿಜ. ಎದುರು ವಾಹನ ಇಲ್ಲದಿದ್ದರೆ ಸ್ವಲ್ಪ ಹೊರಗಿನಿಂದ ಬಳಸಿಕೊಂಡು ಹೋದರಾಯಿತು. ಉಳಿದಂತೆ ಘಟ್ಟ ಒಂದೇ ಹದದ ಏರು. ಒಂದು ಗೇರು ಹಿಡಿದು, ಉಸಿರು ಹೊಂದಿಸಿಕೊಂಡರೆ ಅದು ತಾನಾಗಿ ಮುಗಿಯುತ್ತೆ.

ಅದಕ್ಕೆ ಲೆಕ್ಕವೂ ಸಿಗುತ್ತೆ. ನಾನು, ಸೈಕಲ್ಲು, ನೀರು ಎಲ್ಲ ಸೇರಿ 84 ಕಿಲೋ. ಹಿಂದೊಮ್ಮೆ ಸೋಮೇಶ್ವರದಿಂದ ಆಗುಂಬೆಗೆ ತಂಪಿನಲ್ಲಿ ಹತ್ತಿದ ದಾಖಲೆ ನೋಡಿದರೆ ಗಂಟೆಗೆ ಸುಮಾರು 400 ಮೀಟರ್ ಎತ್ತರ ಏರಿದ್ದೇನೆ. ಕಿಲೋಮೀಟರ್ ಅಲ್ಲ, ನೇರ ಮೇಲಕ್ಕೆ 400 ಮೀಟರ್. ಘಟ್ಟದ ಕೆಳಗಿನಿಂದ ಮೇಲಕ್ಕೆ 500 ಮೀಟರ್ ಅಂತ ಇಟ್ಟುಕೊಂಡರೆ ಒಂದೂಕಾಲು ಗಂಟೆ. ಬೆನ್ನಿಗೆ ಐದು ಕಿಲೋ ಚೀಲ ಸೇರಿದರೆ ಇನ್ನೊಂದು ನಾಲ್ಕೈದು ನಿಮಿಷ. ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ, ಮಧ್ಯಾಹ್ನ ಒಂದೂವರೆಗೆ ಹತ್ತದಿದ್ದರೆ. ಅಂದಹಾಗೆ ಹೊಸಂಗಡಿಯಲ್ಲಿ ವಾರಾಹಿಯ ನೆಲದಡಿಯ ಕರೆಂಟ್ ಮನೆ ಇದೆ, 460 ಮೆಗಾವ್ಯಾಟಿನದು. ಮೇಲೆ ಮಾಣಿ ಅಣೆಕಟ್ಟೆಯ ಕಡೆಯಿಂದ ಬಂದ ನೀರು ಘಟ್ಟದ ಎತ್ತರ ಇಳಿದು ಅಷ್ಟು ಕರೆಂಟು ಕೊಡುತ್ತೆ. ನೀರು ಇಳಿದ ಎತ್ತರವನ್ನು ನಾನು ಉಲ್ಟಾ ಹತ್ತಬೇಕು. ನನ್ನ ಕಾಲಿನಿಂದ ಒಂದು ಹಳೇ ಕಾಲದ 100 ವ್ಯಾಟಿನ ಬಲ್ಬು ಉರಿದರೆ ಹೆಚ್ಚು.

ಗೇರಿನ ವಿಷಯದಲ್ಲಿ ನನ್ನದೇ ಒಣಜಂಬ ಕೆಲಸ ಕೆಡಿಸಿತ್ತು. ಹೋದ ಸಲ ಹಿಂದಿನ ದೊಡ್ಡ ಚಕ್ರಕ್ಕೆ 28 ಹಲ್ಲು, ಮುಂದಿನ ಸಣ್ಣದಕ್ಕೆ 34. ಒಂದು ಸಲ ಪೆಡಲ್ ಸುತ್ತಿದರೆ ಸೈಕಲ್ಲು ಎರಡೂವರೆ ಮೀಟರ್ ಹೋಗಬೇಕು. ನಿಮಿಷಕ್ಕೆ ಅರವತ್ತು ಸುತ್ತು ಅಂದರೂ ಗಂಟೆಗೆ ಒಂಬತ್ತು ಕಿಲೋಮೀಟರ್. ಬಿಸಿಲಲ್ಲಿ ಏರಿನ ಮೇಲೆ ಅಷ್ಟು ವೇಗ ನನ್ನ ಕೈಲಾಗದು, ಸುತ್ತು ನಲವತ್ತಕ್ಕೆ ಇಳಿಯಿತು, ಮಂಡಿ ಅಳತೊಡಗಿತು. ಈಗ ಹಿಂದೆ 34 ಹಲ್ಲು ಹಾಕಿಸಿದ್ದೇನೆ. ಒಂದಕ್ಕೊಂದು ಸಮ. ಅರವತ್ತು ಸುತ್ತಿಗೆ ಏಳೂವರೆ ಕಿಲೋಮೀಟರ್. "ಅಜ್ಜಿ ಗೇರು" ಅಂತ ಗೆಳೆಯರು ನಗುತ್ತಾರೆ. ಅವರ ಪೈಕಿ ಯಾರೂ ನಗರದಿಂದ ಹೊಸನಗರಕ್ಕೆ ಸಂಜೆ ಹೊತ್ತು ತುಳಿದವರಲ್ಲ. ಟೈರೂ 25 ಮಿಲಿಮೀಟರಿನಿಂದ 32ಕ್ಕೆ ಹೋಗಿದೆ. ನೆರಳಿನ ತಿರುವಿನಲ್ಲಿ ಪಾಚಿ ಇರುತ್ತೆ, ತಳಕ್ಕೆ ಅಗಲ ಬೇಕು.

ಯಾವ ದಿಕ್ಕಿಗೆ ಸುತ್ತಬೇಕು ಅನ್ನುವುದಕ್ಕೂ ಒಂದು ವಾರ ತಲೆ ಕೆಡಿಸಿಕೊಂಡೆ. ಹುಲಿಕಲ್ ಇಳಿದು ಆಗುಂಬೆ ಹತ್ತಿದರೆ ಮೋರಿಯ ದಾರಿ ಬೆಳಿಗ್ಗೆ ತಂಪಿನಲ್ಲಿ ಮುಗಿಯುತ್ತೆ, ಅದು ಲಾಭ. ಆದರೆ ಆಗುಂಬೆಯ ಕಿರಿದಾದ ತಿರುವಿನಲ್ಲಿ ಮಧ್ಯಾಹ್ನದ ಮೇಲೆ ಸೂರ್ಯಾಸ್ತ ನೋಡಲು ಬರುವ ಕಾರುಗಳ ಜೊತೆ ಹತ್ತಬೇಕು. ಇಳಿಯುವವನಾದರೆ ವಾಹನದ ವೇಗಕ್ಕೆ ಹೆಚ್ಚುಕಮ್ಮಿ ಸಮ ಹೋಗಬಹುದು, ಹತ್ತುವವನು ತಿರುವಿನಲ್ಲಿ ಸಿಕ್ಕಿಬೀಳುತ್ತಾನೆ. ದೊಡ್ಡಪ್ಪನನ್ನು ಕೇಳಿದೆ. "ಬೆಳಿಗ್ಗೆ ಹತ್ತು ಗಂಟೆ ಒಳಗೆ ಆಗುಂಬೆ ಇಳಿ. ಎರಡೂ ಬ್ರೇಕು ಒಟ್ಟಿಗೆ ಹಿಡ್ಕಂಡು ಇಳೀಬೇಡ, ಬಿಟ್ಟು ಬಿಟ್ಟು ಹಿಡಿ," ಅಂದರು. ನನ್ನದು ರಿಮ್ ಬ್ರೇಕು. ಹಿಡಿದೇ ಇಳಿದರೆ ರಿಮ್ಮು ಕಾದು ಟ್ಯೂಬು ಹೋಗುತ್ತೆ. ಬಸ್ಸಿನ ಡ್ರಮ್ಮಿಗೂ ನನ್ನ ರಿಮ್ಮಿಗೂ ಕಾಯಿಲೆ ಒಂದೇ.

ಕೊನೆಗೆ ತೀರ್ಮಾನವಾದದ್ದು ಇದು. ಒಂದೇ ದಿನ ಅನ್ನುವುದನ್ನು ಬಿಟ್ಟೆ. ಬಿಡುವುದಕ್ಕೆ ಎರಡು ವರ್ಷ ಹಿಡಿಯಿತು ಅನ್ನುವುದು ನನಗೇ ನಾಚಿಕೆ. ಮೊದಲ ದಿನ ಆಗುಂಬೆ ಇಳಿದು ಸಿದ್ದಾಪುರ, ಹೆಚ್ಚುಕಮ್ಮಿ 150 ಕಿಲೋಮೀಟರ್. ಅಲ್ಲಿ ರಾತ್ರಿ ಉಳಿಯುವುದು. ಮರುದಿನ ಬೆಳಕು ಹರಿಯುವ ಮೊದಲೇ ಹೊರಟು ಹುಲಿಕಲ್ ಹತ್ತುವುದು. ಡಿಸೆಂಬರಿನಲ್ಲಿ ನಮ್ಮ ಕಡೆ ಸೂರ್ಯ ಕಾಣುವುದು ಆರೂಮುಕ್ಕಾಲಿಗೆ, ಮುಳುಗುವುದು ಆರು ಗಂಟೆ ದಾಟಿದ ಕೂಡಲೇ. ಹಾಗಾಗಿ ಘಟ್ಟದ ಬುಡಕ್ಕೆ ಬೆಳಕಿನ ಹೊತ್ತಿಗೆ ಸರಿಯಾಗಿ ಬರಬೇಕು, ಮೇಲೆ ಬಂದಾಗ ಎಂಟೂವರೆ. ಮೋರಿಗಳಿಗೆ ಇಡೀ ಬೆಳಿಗ್ಗೆ ಮೀಸಲು. ಮಳೆಗಾಲದಲ್ಲಂತೂ ಈ ಮಾತೇ ಇಲ್ಲ. ದರೆ ಜರಿಯುವುದು, ಇಂಬಳ, ಮಂಜು, ಭಾರಿ ವಾಹನಗಳಿಗೆ ಘಾಟಿ ಬಂದ್, ಎಲ್ಲ ಆ ನಾಲ್ಕು ತಿಂಗಳಲ್ಲೇ. ಮಂಡಗದ್ದೆಯ ಹಕ್ಕಿಗಳನ್ನು ನೋಡಬೇಕು ಅಂದರೆ ಮಾತ್ರ ಮಳೆಗಾಲದಲ್ಲೇ ಬರಬೇಕು. ಅದನ್ನು ಕಾರಿನಲ್ಲಿ ಮಾಡಿದರಾಯಿತು.

ತಿಂಡಿಯ ಯೋಜನೆಗೆ ಯಾವ ಆಪೂ ಬೇಕಾಗಲಿಲ್ಲ. ತೀರ್ಥಹಳ್ಳಿಯಲ್ಲಿ ಕಡುಬು, ಹೆಬ್ರಿಯಲ್ಲಿ ಬನ್ಸು. ಎರಡನೇ ದಿನ ಘಟ್ಟದ ಮಧ್ಯೆ ಅಂಗಡಿ ನಂಬಿಕೊಳ್ಳದೆ ಎರಡು ಬಾಟಲಿ ನೀರು, ಬಾಳೆಹಣ್ಣು, ಅಮ್ಮ ಕಟ್ಟಿಕೊಡುವ ಕಾಯಿ ಬರ್ಫಿ. ನೆಟ್‌ವರ್ಕ್ ಇರದ ಕಡೆಗೆ ಮ್ಯಾಪು ಫೋನಿನಲ್ಲೇ ಇಳಿಸಿಟ್ಟಿದ್ದೇನೆ.

ಫೋನಿಗಿಂತ ಮುಖ್ಯವಾದದ್ದು ಈಗ ಸೈಕಲ್ಲಿನ ಮೇಲಿನ ಕೊಳವೆಗೆ ಅಂಟಿಸಿದ ಒಂದು ಉದ್ದನೆಯ ಚೀಟಿ. ನನ್ನ ಅಕ್ಷರ, ದೊಡ್ಡಪ್ಪನ ಮಾತು. ಊರಿನ ಹೆಸರು, ಎದುರಿಗೆ ಕಿಲೋಮೀಟರ್, ಅದರ ಎದುರಿಗೆ ಗೇರು. ಟಾ, ಥ, ಸೆ. ನಗರದಿಂದ ಹೊಸನಗರದ ಸಾಲಿಗೆ ಜಾಗ ಸಾಲದೆ ಹಿಂದಿನ ಮಗ್ಗುಲಿಗೂ ಹೋಗಿದೆ. ಅಂಟಿಸುವ ಮುಂಚೆ ಅವರಿಗೆ ಓದಿ ಹೇಳಿದೆ. ಎರಡು ಕಡೆ ತಿದ್ದಿದರು. ಹುಲಿಕಲ್ ಬಂದಾಗ ತಡೆದು, "ಅಲ್ಲೊಂದು ಬಿಟ್ಟೆ ನೋಡು," ಅಂದರು.

ಇನ್ನೊಂದು ಮೋರಿಯಾ ಅಂತ ಕೇಳಿದೆ.

"ಮೋರಿ ಅಲ್ಲ ಮಾರಾಯ. ಚಂಡಿಕಾಂಬೆ. ಎಷ್ಟೇ ಲೇಟಾಗಿರ್ಲಿ, ನಾವು ಅಲ್ಲಿ ನಿಲ್ಲಿಸ್ದೆ ಹೋಗಿದ್ದಿಲ್ಲ."

ಒಳಗೆ ಹೋಗಿ ಬಂದು ಎರಡು ನಾಣ್ಯ ನನ್ನ ಕೈಗಿಟ್ಟರು. ಒಂದು ನಿಂದು, ಒಂದು ನಂದು ಅಂದರು. ಸೀಟಿನ ಕೆಳಗಿನ ಚೀಲದಲ್ಲಿ, ಪಂಕ್ಚರ್ ಪ್ಯಾಚಿನ ಡಬ್ಬಿಯೊಳಗೆ ಹಾಕಿಟ್ಟಿದ್ದೇನೆ. ಸೈಕಲ್ ಎತ್ತಿದಾಗೆಲ್ಲ ಗಲಗಲ ಅನ್ನುತ್ತೆ.